ಭಾವನ ತಮ್ಮನ ಮದುವೆ

ಗಂಡಸರ ಶಿಬಿರಕ್ಕೆ ಹೋಗಬೇಕು ಎಂದು ಅಕ್ಕ ಫೋನ್ ಮಾಡಿದಾಗ ನಾನು ವಿಟ್ಲದ ನನ್ನ ಹೋಟೆಲಿನಲ್ಲಿ ಬನ್ಸಿನ ಹಿಟ್ಟು ಹುಳಿ ಬಂದಿದೆಯಾ ಎಂದು ನೋಡುತ್ತಿದ್ದೆ. "ಎಂತ ಶಿಬಿರ? ರಕ್ತದಾನವಾ?" ಎಂದೆ. ಅಲ್ಲವಂತೆ. ಮನಸ್ಸಿನ ಭಾರ ಇಳಿಸುವ ಶಿಬಿರವಂತೆ. ಬೆಳ್ತಂಗಡಿ ಕಡೆ ಒಂದು ರಬ್ಬರ್ ತೋಟದಲ್ಲಿ ಮೂರು ದಿನ ಇದ್ದು, ಗಂಡಸರು ಗಂಡಸರ ಹತ್ತಿರ ಮಾತಾಡಬೇಕಂತೆ. ಆಕೆ ವಾಟ್ಸಪ್ಪಿನಲ್ಲಿ ಕಳಿಸಿದ ಪೋಸ್ಟರಿನಲ್ಲಿ 'ತನ್ನನ್ನು ಗಂಡಸು ಎಂದು ಕರೆದುಕೊಳ್ಳುವ ಯಾರಿಗೂ ಸ್ವಾಗತ' ಎಂದಿತ್ತು. ಕರೆದುಕೊಳ್ಳುವುದು ಅಂದರೇನು? ಮೊಮ್ಮಗ ಹುಟ್ಟಿದ ಮೇಲೂ ಕರೆದುಕೊಂಡೇ ಗೊತ್ತುಮಾಡಿಕೊಳ್ಳಬೇಕಾದರೆ ಇಷ್ಟು ದಿನ ನಾನೇನು ಬಚ್ಚಲ ಹಂಡೆಯಾಗಿದ್ದೆನಾ? ನನಗೆ ನಖಶಿಖಾಂತ ಉರಿಯಿತು. ಆದರೆ ಅಕ್ಕನ ದನಿ ನಡುಗುತ್ತಿತ್ತು.

"ನೀನು ಜೊತೆಗೆ ಹೋಗದಿದ್ರೆ ಅವರು ಹೋಗುದಿಲ್ಲ. ಅವರು ಹೀಗೇ ಇದ್ರೆ ನನಗೆ ಈ ಮನೆಯಲ್ಲಿ ಇರ್ಲಿಕ್ಕೆ ಆಗುದಿಲ್ಲ" ಎಂದಳು.

ಅವರು ಎಂದರೆ ಭಾವ, ಅಕ್ಕನ ಗಂಡ. ಅವರ ಮನೆ ಮಡಂತ್ಯಾರಿನ ಹತ್ತಿರ. ಭಾವನಿಗೆ ಇದ್ದದ್ದು ಒಬ್ಬನೇ ತಮ್ಮ. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದವನು ಒಂದು ಬೆಳಿಗ್ಗೆ ಮಂಚದಿಂದ ಏಳಲಿಲ್ಲ. ಪೆಟ್ಟಿಗೆಯಲ್ಲಿ ಊರಿಗೆ ಬಂದ. ಮದುವೆಯಾಗಿರಲಿಲ್ಲ. ನಮ್ಮ ಕಡೆ ಹಾಗೆ ಹೋದವರಿಗೆ ಸತ್ತ ಮೇಲೆ ಮದುವೆ ಮಾಡುವ ಕ್ರಮ ಉಂಟು. ಮಾಡದಿದ್ದರೆ ಅವರು ಕುಲೆಯಾಗಿ, ಅಂದರೆ ದಾರಿ ಸಿಗದ ಜೀವವಾಗಿ, ಮನೆಯ ಸುತ್ತಲೇ ಉಳಿಯುತ್ತಾರೆ ಎಂದು ನಂಬಿಕೆ. ಮದುವೆಯಾಗದೆ ತೀರಿಕೊಂಡ ಹುಡುಗಿಯನ್ನು ಬೇರೆ ಮನೆಯಲ್ಲಿ ಹುಡುಕಿ, ಕುಲಗೋತ್ರ ಎಲ್ಲ ವಿಚಾರಿಸಿ, ಮಳೆಗಾಲದ ಆಟಿ ತಿಂಗಳಲ್ಲಿ ಸಂಬಂಧ ಕೂಡಿಸುತ್ತಾರೆ.

ಭಾವ ಊರೂರು ವಿಚಾರಿಸಿ ಬೆಳುವಾಯಿಯಲ್ಲಿ ಒಂದು ಮನೆ ಹುಡುಕಿದರು. ಗಂಡ ಇಲ್ಲದ ಹೆಂಗಸು, ಒಬ್ಬಳೇ ಮಗಳು. ಆ ಮಗಳು ಬೆಂಗಳೂರಿನಲ್ಲಿ ಜ್ವರ ಬಂದು ಹೋದಳಂತೆ, ಅಲ್ಲಿಯೇ ಸುಟ್ಟು ಬಂದರಂತೆ. ಕಳೆದ ಆಟಿಯಲ್ಲಿ ಮದುವೆ ಆಯಿತು. ಒಂದು ಕುರ್ಚಿಯಲ್ಲಿ ಪಂಚೆ, ಶರ್ಟು. ಪಕ್ಕದ ಕುರ್ಚಿಯಲ್ಲಿ ಸೀರೆ, ಬಳೆ. ಹಾರ ಬದಲಾಯಿಸಿದೆವು. ಅಡುಗೆ ನನ್ನದೇ. ಆ ತಾಯಿ ಸೀರೆಯ ಮೇಲೆ ಮಗಳ ಫೋಟೋ ಇಟ್ಟು, ಎಲ್ಲರ ಎದುರು "ಕೊಟ್ಟೆ" ಎಂದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ತಮ್ಮ ಭಾವನ ಕನಸಿಗೆ ಬರತೊಡಗಿದ. ಮದುಮಗನ ಬಟ್ಟೆಯಲ್ಲೇ ಗೇಟಿನ ಆಚೆ ನಿಂತು, "ಅಣ್ಣ, ಅವಳು ಬರ್ಲಿಲ್ಲ" ಎನ್ನುತ್ತಿದ್ದನಂತೆ. ಕ್ರಮೇಣ ಹಗಲಲ್ಲೂ. ಮಳೆ ಬಂದರೆ ಭಾವ ಊಟದ ನಡುವೆ ಕೈ ತೊಳೆಯದೆ ಎದ್ದು, ಕೊಡೆ ಬಿಚ್ಚಿ ಗೇಟಿನವರೆಗೆ ಹೋಗಿ, ಯಾರೂ ಇಲ್ಲದ ಜಾಗಕ್ಕೆ ಕೊಡೆ ಹಿಡಿದು, ತಾವು ನೆನೆಯುತ್ತ ನಿಲ್ಲುತ್ತಿದ್ದರು. ನಾನು ಒಮ್ಮೆ ಕಣ್ಣಾರೆ ನೋಡಿದೆ. ಕೊಡೆ ಹಿಡಿದ ಎತ್ತರ ಸರಿಯಾಗಿ ಅವನ ಎತ್ತರವೇ ಇತ್ತು. ಬದುಕಿರುವವರ ಹತ್ತಿರ ಮಾತು ಪೂರ್ತಿ ನಿಂತಿತ್ತು. ಮೂಡುಬಿದಿರೆಯ ಡಾಕ್ಟರು ನಿದ್ರೆಗೆ ಮಾತ್ರೆ ಕೊಟ್ಟರು. ನಿದ್ರೆ ಜಾಸ್ತಿಯಾದ ಹಾಗೆ ತಮ್ಮ ಬರುವುದೂ ಜಾಸ್ತಿಯಾಯಿತು. ಶಿಬಿರದ ದಾರಿ ತೋರಿಸಿದವರೂ ಅದೇ ಡಾಕ್ಟರು.

ಸರಿ, ಹೋದೆವು. ತಮ್ಮ ಒಂಟಿಯಲ್ಲ ಎಂದು ಭಾವನಿಗೆ ಹೇಗಾದರೂ ಖಾತ್ರಿಯಾದರೆ ಸಾಕು, ಅಕ್ಕನಿಗೆ ಗಂಡ ಸಿಗುತ್ತಾರೆ. ಅದಕ್ಕಾಗಿ ನಾನು ಗಂಡಸು ಎಂದು ಹತ್ತು ಸಲ ಕರೆದುಕೊಳ್ಳಲಿಕ್ಕೂ ತಯಾರಿದ್ದೆ.

ಅದು ಹಿಂದೆ ರಬ್ಬರ್ ಶೀಟುಗಳನ್ನು ಹೊಗೆ ಹಾಕಿ ಒಣಗಿಸುತ್ತಿದ್ದ ಕಟ್ಟಡ. ಗೋಡೆಗೆ ಸುಣ್ಣ ಬಳಿದಿದ್ದರೂ ಒಳಗಿನ ಮಸಿ ಮತ್ತೆ ಮೇಲೆ ಬಂದಿತ್ತು. ಕಿಟಕಿ ಸಣ್ಣದು. ಹೊರಗೆ ಸಾಲುಸಾಲಾಗಿ ರಬ್ಬರ್ ಮರ, ಹಾಲಿಗೆ ಮಳೆನೀರು ಸೇರಬಾರದೆಂದು ಒಂದೊಂದರ ಸೊಂಟಕ್ಕೂ ಪ್ಲಾಸ್ಟಿಕ್ ಕಟ್ಟಿದ್ದರು. ಗಾಳಿ ಬಂದಾಗ ಮರ ಅಲ್ಲಾಡುವುದಿಲ್ಲ, ಆ ಪ್ಲಾಸ್ಟಿಕ್ ಮಾತ್ರ ಅಲ್ಲಾಡುತ್ತದೆ. ನನಗೆ ಆ ತೋಟದ ಕಡೆ ನೋಡಲಿಕ್ಕೇ ಮನಸ್ಸಾಗಲಿಲ್ಲ.

ಬಂದವರು ಹನ್ನೆರಡೋ ಹದಿಮೂರೋ ಮಂದಿ. ನನ್ನ ಪಕ್ಕ ಬಂಟ್ವಾಳದ ಮೀನು ವ್ಯಾಪಾರಿ, ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿ ಒಬ್ಬರು, ಹೆಂಡತಿ ತೀರಿಕೊಂಡ ಮೇಲೆ ಅಡುಗೆಮನೆಗೆ ಕಾಲಿಡಲು ಆಗುತ್ತಿಲ್ಲ ಎಂದು ಬಂದವರು. ಎದುರಿಗೆ ಮೂವತ್ತರ ಆಸುಪಾಸಿನ ಯುವಕ, ಕತ್ತರಿಸಿ ಒಪ್ಪ ಮಾಡಿದ ಗಡ್ಡ, ಬೆಂಗಳೂರಿನ ಕನ್ನಡ. ಮೊದಲ ದಿನವೇ ಅವನು ನಿಂತು, "ನಾನು ಹುಟ್ಟಿದಾಗ ಹುಡುಗಿ ಅಂತ ಬರೆಸಿದ್ರು. ನನಗೆ ಬುದ್ಧಿ ಬಂದಾಗಿಂದ ನಾನು ಹಾಗಲ್ಲ ಅಂತ ಗೊತ್ತಿತ್ತು. ಮನೆ ಬಿಟ್ಟು ತುಂಬ ವರ್ಷ ಆಯ್ತು" ಎಂದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವನು ನನ್ನ ಕಡೆ ತಿರುಗಿ, "ಸರ್, ಸೊಳ್ಳೆ ಹೋಗುತ್ತೆ" ಎಂದ. ಎಲ್ಲರೂ ನಕ್ಕರು. ನನಗೂ ನಗು ಬಂತು. ಆಮೇಲೆ ಊಟದ ತಟ್ಟೆ ತೊಳೆಯುವಾಗ ನನ್ನದನ್ನೂ ಎಳೆದುಕೊಂಡು ತೊಳೆದ. ಒಳ್ಳೆಯ ಹುಡುಗ ಎಂದು ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು.

ಎರಡನೆಯ ದಿನ ಮಧ್ಯಾಹ್ನ ಮೋಡ ಎಷ್ಟು ಕವಿದಿತ್ತೆಂದರೆ ಒಳಗೆ ದೀಪ ಹಾಕಬೇಕಾಯಿತು. ಹಾಕಿದ ಕೂಡಲೇ ಕರೆಂಟು ಹೋಯಿತು. ಶಿಬಿರ ನಡೆಸುವವರು, ಬೆಂಗಳೂರಿನವರು, ಒಂದು ಖಾಲಿ ಕುರ್ಚಿ ತಂದು ನಮ್ಮ ನಡುವೆ ಇಟ್ಟರು. ಅದರ ಮೇಲೆ ಒಂದು ಶಾಲು ಹೊದಿಸಿದರು. "ನೀವು ಕಳ್ಕೊಂಡವರು ಇಲ್ಲಿ ಕೂತಿದ್ದಾರೆ ಅಂದ್ಕೊಳ್ಳಿ. ಹೇಳಬೇಕಾದ್ದನ್ನ ಹೇಳ್ಬಿಡಿ" ಎಂದರು.

ಬ್ಯಾರಿ ಕಾಲು ಹಿಂದಕ್ಕೆ ಎಳೆದುಕೊಂಡು ನನ್ನ ಕಿವಿಯಲ್ಲಿ, "ಇದೆಲ್ಲ ಬೇಡ ಇತ್ತು" ಎಂದರು. ಪಾಪ, ಆ ಬೆಂಗಳೂರಿನವರಿಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಕುರ್ಚಿಗೆ ಬಟ್ಟೆ ಹಾಕಿ ಕರೆದರೆ ಅದು ಅಂದುಕೊಳ್ಳುವುದಲ್ಲ, ಕರೆಯುವುದೇ. ನಾನು ಬೇಡ ಎನ್ನುವಷ್ಟರಲ್ಲಿ ಭಾವ ಎದ್ದು ಕುರ್ಚಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ತುಳುವಿನಲ್ಲಿ ಶುರು ಮಾಡಿದರು.

"ತಮ್ಮಾ, ನಾನು ಎಂತ ಮಾಡ್ಬೇಕು ಹೇಳು. ಸುಮ್ಮನೆ ಮಾಡಿದ ಮದುವೆ ಅಲ್ಲ ಅದು. ಬೆಳುವಾಯಿಯ ಹುಡುಗಿ. ತಾಯಿಯೇ ಬಾಯಿಬಿಟ್ಟು ಕೊಟ್ಟದ್ದು. ಫೋಟೋ ನೋಡಿದ್ದೇನೆ, ಲಕ್ಷಣವಾಗಿದ್ದಾಳೆ, ಹುಬ್ಬಿನ ಮೇಲೆ ಒಂದು ಗಾಯದ ಗುರುತು ಉಂಟು, ಅಷ್ಟೆ. ಅವಳು ಎಂತಕ್ಕೆ ಬರ್ಲಿಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಮಾರಾಯ?"

ಎಷ್ಟೋ ತಿಂಗಳ ನಂತರ ಭಾವನ ದನಿ ಕೇಳುತ್ತಿದ್ದೆ. ನನ್ನ ಕಣ್ಣು ತುಂಬಿತು. ಆಗ ಎದುರಿನಿಂದ, ಎರಡು ದಿನ ಬೆಂಗಳೂರಿನ ಕನ್ನಡವನ್ನೇ ಆಡಿದ್ದ ಆ ಯುವಕನ ಬಾಯಿಂದ, ಅಪ್ಪಟ ನಮ್ಮ ಕಡೆಯ ತುಳು ಬಂತು.

"ಫೋಟೋದಲ್ಲಿ ಅವಳು ಹಸಿರು ಲಂಗ ಹಾಕಿ, ಕರುವಿನ ಹಗ್ಗ ಹಿಡಿದು ನಿಂತಿದ್ದಾಳಾ?"

ಭಾವ ತಿರುಗಿದರು. ಅವನ ಹುಬ್ಬು ನೋಡಿದರು. ನಾನೂ ನೋಡಿದೆ.

"ಹೌದು" ಎಂದರು ಭಾವ.

"ಅದು ನಾನು. ಆ ಗಾಯ ಅದೇ ಕರು ಎಳೆದು ಬಿದ್ದದ್ದು." ಅವನ ತುಟಿ ಬಿಳಿಚಿತ್ತು. "ನಾನು ಸತ್ತದ್ದು ನನಗೆ ಯಾರೂ ಹೇಳ್ಲಿಲ್ಲ."

ತುಳು ತಿಳಿಯದ ಶಿಬಿರದವರು ಏನೋ ದೊಡ್ಡ ಬಿಡುಗಡೆ ಆಗುತ್ತಿದೆ ಎಂದುಕೊಂಡು, "ಉಸಿರಾಡಿ, ನಿಧಾನ ಉಸಿರಾಡಿ" ಎನ್ನುತ್ತಿದ್ದರು. "ನೀವು ಸ್ವಲ್ಪ ಬಾಯಿ ಮುಚ್ಚಿ ಮಾರಾಯ್ರೆ!" ಎಂದು ನಾನು ಕಿರುಚಿದೆ. ಭಾವ ಮೊಣಕಾಲಿನಲ್ಲೇ ಸರಿದು ಹೋಗಿ ಅವನ ಮಣಿಕಟ್ಟು ಹಿಡಿದರು. ತುಂಬ ಹೊತ್ತು ಹಿಡಿದುಕೊಂಡರು. ಆಮೇಲೆ ನನ್ನ ಕಡೆ ನೋಡಿ, "ಬಿಸಿ ಉಂಟು" ಎಂದರು.

ಅದೇ ಹೊತ್ತಿಗೆ ಕುರ್ಚಿಯ ಮೇಲಿನ ಶಾಲು ಜಾರಿ ಕೆಳಗೆ ಬಿತ್ತು. ಜಾರುವ ಶಾಲು ಜಾರುತ್ತದೆ, ಅದರಲ್ಲೇನು ಎಂದು ಈಗ ಹೇಳಬಹುದು. ಆಗ ಯಾರೂ ಅದನ್ನು ಎತ್ತಲಿಲ್ಲ. ಬ್ಯಾರಿ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು.

ಸಂಜೆ ನಾವು ಮೂವರು ಜಗಲಿಯಲ್ಲಿ ಕೂತೆವು. ಅವನು ಹೇಳಿದ: ತನ್ನ ವಿಷಯ ಅಮ್ಮನಿಗೆ ಫೋನಿನಲ್ಲಿ ತಿಳಿಸಿದ್ದ. ಆಕೆ "ಊರಿಗೆ ಬರ್ಬೇಡ" ಎಂದಿದ್ದರು. ಮತ್ತೆ ಫೋನ್ ಎತ್ತಲಿಲ್ಲ. ಊರಿನವರಿಗೆ ಏನೋ ಒಂದು ಹೇಳಬೇಕಿತ್ತಲ್ಲ, ಸತ್ತಳು ಎಂದು ಹೇಳಿದ್ದರು.

"ನಿನ್ನ ಮೇಲೆ ನನಗೆ ಕೋಪ ಇಲ್ಲ ಮಗಾ" ಎಂದರು ಭಾವ. "ಆದ್ರೆ ನನ್ನ ತಮ್ಮ ಅಲ್ಲಿ ಒಬ್ಬನೇ ಇದ್ದಾನೆ. ಕೊಟ್ಟವರೇ ಬಿಡಿಸ್ಬೇಕು. 'ನನ್ನ ಮಗು ಬದುಕಿ ಉಂಟು' ಅಂತ ಅವರ ಬಾಯಿಂದ ಬರ್ಬೇಕು. ಇಲ್ಲದಿದ್ರೆ ಅವನಿಗೆ ಈ ಮದುವೆಯೂ ಇಲ್ಲ, ಬೇರೆ ಮದುವೆಯೂ ಇಲ್ಲ." ಗತಿಸಿದವರಿಗೆ ಆಟಿಯಲ್ಲಿ ಎಲೆ ಹಾಕಿ ಬಡಿಸುವ ದಿನ ಆ ತಾಯಿ ಸಂಬಂಧಿಕರ ಲೆಕ್ಕದಲ್ಲಿ ಮಡಂತ್ಯಾರಿಗೆ ಬರುವವರಿದ್ದರು. "ನೀನು ಬಾ. ನಿನ್ನನ್ನು ಕಣ್ಣೆದುರು ನೋಡಿದ್ರೆ ಅವರು ಹೇಳದೆ ಇರ್ಲಿಕ್ಕಿಲ್ಲ."

ಅವನು ರಬ್ಬರ್ ಮರಗಳ ಕಡೆ ನೋಡುತ್ತ, "ಅಮ್ಮ ನನ್ನನ್ನು ನೋಡುದಾದ್ರೆ ನಾನು ಎಲ್ಲಿಗೆ ಬೇಕಾದ್ರೂ ಬರ್ತೇನೆ" ಎಂದ.

ಆ ದಿನ ಅವನು ಬಂದ. ಜಗಲಿಯಲ್ಲಿ ನನ್ನ ಮತ್ತು ಭಾವನ ನಡುವೆ ಕೂತ. ಮೂರ್ಸಂಜೆಯ ಹೊತ್ತಿಗೆ ತಾಯಿ ಬಸ್ಸಿಳಿದು ಬಂದರು. ಸಣ್ಣ ದೇಹ, ಕೈಯಲ್ಲಿ ಬಟ್ಟೆಯ ಚೀಲ. ಮೆಟ್ಟಿಲು ಹತ್ತುವಾಗ ಅವನನ್ನು ನೋಡಿದರು. ನೋಡಿದರು ಎಂದು ನಾನು ಆಣೆ ಹಾಕಿ ಹೇಳುತ್ತೇನೆ, ಕಾಲು ಒಂದು ಕ್ಷಣ ನಿಂತಿತು. ಆಮೇಲೆ ಅಲ್ಲಿ ಒಂದು ಕಂಬ ಇದ್ದ ಹಾಗೆ ಸುತ್ತಿಕೊಂಡು ಒಳಗೆ ಹೋದರು.

ಅಕ್ಕ ಒಳಕೋಣೆಯಲ್ಲಿ ಭಾವನ ತಮ್ಮನಿಗೆ ಒಂದೇ ಎಲೆ ಹಾಕಿದ್ದಳು. "ನಮ್ಮವಳಿಗೆ ಎಲೆ ಇಲ್ವಾ?" ಎಂದರು ತಾಯಿ. ಆಕೆ ತಾವೇ ಇನ್ನೊಂದು ಎಲೆ ತಂದು ಪಕ್ಕದಲ್ಲಿ ಹಾಕಿ, ಅನ್ನ, ಕೋಳಿ ಸಾರು, ಪತ್ರೊಡೆ ಎಲ್ಲ ಬಡಿಸಿದರು. ಬಡಿಸಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಬೇಕು, ಗತಿಸಿದವರು ಉಂಡು ಏಳುವವರೆಗೆ ತೆರೆಯಬಾರದು. ಅದು ಕ್ರಮ. ಆಕೆ ಹೊರಗೆ ಬರಲಿಲ್ಲ. ಒಳಗೇ ಉಳಿದು ಬಾಗಿಲು ಹಾಕಿಕೊಂಡರು.

ಒಳಗಿಂದ ಮೆಲುದನಿ ಕೇಳಿಸಿತು. ಮಗಳ ಹೆಸರು ಹಿಡಿದು ಕರೆಯುತ್ತಿದ್ದರು. "ಬಾ, ಕೂತ್ಕೊ. ಬಸ್ಸಿನಲ್ಲಿ ಜಾಗ ಸಿಕ್ಕಿತಾ?" ಎಂದು ಕೇಳಿ, ಸ್ವಲ್ಪ ಸುಮ್ಮನಾಗಿ, ಉತ್ತರ ಕೇಳಿಸಿಕೊಂಡವರ ಹಾಗೆ "ಹೂಂ" ಎನ್ನುತ್ತಿದ್ದರು. ಅವನು ಎದ್ದು ಹೋಗಿ ಬಾಗಿಲಿಗೆ ಅಂಗೈ ಇಟ್ಟು ನಿಂತ.

"ಅಮ್ಮಾ, ನಾನು ಅಲ್ಲಿಲ್ಲ. ಇಲ್ಲಿ ಹೊರಗೆ ಇದ್ದೇನೆ."

ಒಳಗೆ ಮಾತು ನಿಂತಿತು. ಭಾವ ನನ್ನ ಮೊಣಕೈ ಹಿಡಿದರು, ಉಗುರು ಒತ್ತಿತು. ಈಗ ಆಕೆ ಹೇಳಬೇಕು. ಆಕೆ ಹೇಳಿದರು, ಆದರೆ ಅವನಿಗಲ್ಲ, ಭಾವನಿಗೆ.

"ಹೊರಗಿನವರ ಮಾತು ಕೇಳ್ಬೇಡಿ. ಅವಳು ಬಂದಿದ್ದಾಳೆ. ನಿಮ್ಮ ತಮ್ಮನ ಪಕ್ಕದಲ್ಲೇ ಕೂತಿದ್ದಾಳೆ. ಇಬ್ಬರೂ ಉಣ್ತಾ ಇದ್ದಾರೆ."

ಒಂದು ವರ್ಷದಿಂದ ಭಾವ ಕಾಯುತ್ತಿದ್ದದ್ದು ಇದೊಂದು ಮಾತಿಗೆ. ಅವರ ಮುಖ ಸಡಿಲವಾದದ್ದನ್ನು ನಾನು ನೋಡಿದೆ, ಹಣೆಯ ಗಂಟು ಬಿಚ್ಚಿತು, ಬಾಯಿ ಸ್ವಲ್ಪ ತೆರೆಯಿತು. ಸುಮ್ಮನಿದ್ದು ನಂಬಿದರೆ ಸಾಕಿತ್ತು. ನಾನೂ ನಂಬಲಿ ದೇವರೇ ಎಂದುಕೊಂಡೆ, ಸುಳ್ಳು ಹೇಳುವುದಿಲ್ಲ. ಅಕ್ಕನೂ ಸೆರಗು ಬಾಯಿಗೆ ಒತ್ತಿಕೊಂಡು ಅದನ್ನೇ ಬೇಡುತ್ತಿದ್ದಳು. ಬಾಗಿಲ ಬಳಿ ಅವನು ಹಣೆಯನ್ನು ಹಲಗೆಗೆ ಆನಿಸಿ ನಿಂತಿದ್ದ.

ಭಾವ ಎದ್ದರು. ಅವನನ್ನು ಮೆಲ್ಲಗೆ ಬದಿಗೆ ಸರಿಸಿ, ತೆರೆಯಬಾರದ ಬಾಗಿಲನ್ನು ತಳ್ಳಿ ತೆರೆದರು. ಒಳಗೆ ಸಣ್ಣ ದೀಪ, ಎರಡು ಎಲೆ, ಗೋಡೆಗೆ ಒರಗಿದ ತಾಯಿ. ಭಾವ ಬಗ್ಗಿ ಹುಡುಗಿಯ ಎಲೆಯನ್ನು ಅನ್ನ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡರು. ಉಳಿದ ಎಲೆಯ ಕಡೆ ತಿರುಗಿದರು.

"ತಮ್ಮಾ, ನೀನು ಒಬ್ಬನೇ ಉಣ್ಣು. ಇದು ಬದುಕಿದವನ ಊಟ."

ಎಲೆಯನ್ನು ತಂದು ಜಗಲಿಯಲ್ಲಿ ಅವನ ಮುಂದೆ ಇಟ್ಟು, "ಕೂತ್ಕೊ ಮಗಾ" ಎಂದು ಪಕ್ಕದಲ್ಲಿ ತಾವೂ ಕೂತು, ಗೋಡೆಯ ಕಡೆ ಮುಖ ಮಾಡಿ ಸಣ್ಣ ಮಕ್ಕಳ ಹಾಗೆ ಅತ್ತರು. ತಮ್ಮನ ಪೆಟ್ಟಿಗೆ ಬಂದ ದಿನವೂ ಅವರು ಅತ್ತಿರಲಿಲ್ಲ. ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ.

ಅವನು ಕೂತ. ಅನ್ನ ಕಲಸಿದ. ಒಂದು ತುತ್ತು ಬಾಯಿಗಿಟ್ಟುಕೊಂಡ, ಅಳುತ್ತ ಅಗಿದ. ತಾಯಿ ಸೌಟು ಹಿಡಿದು ಹೊಸ್ತಿಲಿನಲ್ಲಿ ನಿಂತಿದ್ದರು. ಅವನು ಇನ್ನೊಂದು ತುತ್ತು ಎತ್ತುವವರೆಗೂ ಅವನ ಕೈಯನ್ನೇ ನೋಡುತ್ತಿದ್ದರು. ಗತಿಸಿದವರಿಗೆ ಬಡಿಸಿದ ಮೇಲೆ ಯಾರೂ ರುಚಿ ಕೇಳುವುದಿಲ್ಲ.

"ಉಪ್ಪು ಸರಿ ಉಂಟಾ?" ಎಂದು ಆಕೆ ಕೇಳಿದರು.