ಕಂಪನಿಯ ಪರವಾಗಿ ಎದ್ದು ನಿಂತವನು

ಬೇಕರಿಯವನ ಹೆಂಡತಿ ಪುರಸಭೆಯ ಅಧ್ಯಕ್ಷೆಯಾದ ವಾರದಲ್ಲೇ ವಕೀಲರು ಮನೆಗೆ ಬಂದರು. ಪುರಸಭೆಯ ನಿಯಮದ ಪ್ರಕಾರ ಆ ಕುರ್ಚಿಯಲ್ಲಿ ಕೂತವರು ವ್ಯಾಪಾರದ ಲಾಭ ಮುಟ್ಟುವಂತಿಲ್ಲ. ಬೇಕರಿಯೋ, ಆಕೆಗೆ ತಂದೆಯಿಂದ ಬಂದದ್ದು, ಆಕೆಯ ಹೆಸರಿನಲ್ಲೇ ಇತ್ತು.

“ಅದನ್ನ ಕಂಪನಿ ಮಾಡಿಬಿಡೋಣ,” ಎಂದರು ವಕೀಲರು. “ಕಾನೂನಿನ ಕಣ್ಣಲ್ಲಿ ಕಂಪನಿ ಅಂದ್ರೆ ಬೇರೇನೇ ಒಬ್ಬ ವ್ಯಕ್ತಿ. ಅಧ್ಯಕ್ಷಗಿರಿ ಮುಗಿಯೋವರೆಗೂ ಲಾಭವೆಲ್ಲ ಅವನದು. ಅವನ ಪರವಾಗಿ ನೀವು ನೋಡ್ಕೊಳ್ಳಿ.”

“ಎಲ್ಲಿರ್ತಾನೆ ಅವನು?” ಎಂದ ಬೇಕರಿಯವನು.

“ಎಲ್ಲೂ ಇರಲ್ಲ.”

ಹಿಟ್ಟು ನಾದಿ ನಾದಿ ಕೈ ಗಟ್ಟಿಯಾದವನಿಗೆ, ಕೈಗೇ ಸಿಗದ ಆಸಾಮಿಯ ಕೆಳಗೆ ದುಡಿಯುವುದು ಹೇಗೆಂದು ತಲೆಬುಡ ತಿಳಿಯಲಿಲ್ಲ. ಬೆಳಿಗ್ಗೆ ಹೆಂಡತಿ ಎಂದಿನಂತೆ ಬನ್ನಿಗೆ ಕೈ ಹಾಕಿದರೆ “ಕೇಳಬೇಕಲ್ವೇನೇ?” ಅನ್ನುವನು. “ಯಾರನ್ನ?” ಅಂದರೆ ಪಿಳಿಪಿಳಿ ಕಣ್ಣು ಬಿಡುವನು. ನಗಬೇಡಿ. ತನ್ನಿಂದ ಅವಳಿಗೆ ಕೆಟ್ಟ ಹೆಸರು ಬಂದೀತೆಂದು ಪಾಪದವನಿಗೆ ನಿಜಕ್ಕೂ ಹೆದರಿಕೆ.

ಅಷ್ಟರಲ್ಲಿ ಬೇಕರಿಯ ಮುಂದಿನ ಸಂದಿಯಂಥ ರಸ್ತೆಯನ್ನು ಅಗಲ ಮಾಡುವ ಮಾತು ಬಂತು. ಅಳತೆಯವರು ಎಳೆದ ಕೆಂಪು ಗೆರೆ ಬ್ರೆಡ್ ಸುಡುವ ಇಟ್ಟಿಗೆಯ ಭಟ್ಟಿಯ ಮೇಲೇ ಹಾದುಹೋಯಿತು. ಮಾವ ಕಟ್ಟಿದ ಭಟ್ಟಿ, ಅವನಿಗೆ ಕಸುಬು ಕಲಿಸಿದ ಭಟ್ಟಿ. ಅದಿಲ್ಲದಿದ್ದರೆ ಬೇಕರಿಯೇ ಇಲ್ಲ.

“ನೀನಿದ್ದೀಯಲ್ಲ,” ಎಂದು ಹೆಂಡತಿಯ ಮುಖ ನೋಡಿದ.

“ಇದರಲ್ಲಿ ನಾನು ಬಾಯಿ ಹಾಕೋ ಹಾಗಿಲ್ಲ ಕಣ್ರೀ. ಏನಿದ್ರೂ ಕಂಪನಿನೇ ಹೇಳ್ಕೋಬೇಕು.”

ಸಭೆಯಲ್ಲಿ ಆ ವಿಷಯ ಬಂದಾಗ ಆಕೆ ಎದ್ದು ಹೊರಗೆ ಹೋದಳು. ಗುಮಾಸ್ತ “ಕಂಪನಿ ಬಂದಿದ್ಯಾ?” ಎಂದು ಕೂಗಿದ. ಬೇಕರಿಯವನು ಹಿಂದೆ ತಿರುಗಿ ನೋಡಿದ. ತನ್ನನ್ನೇ ಕರೆದದ್ದೆಂದು ಹೊಳೆದ ಮೇಲೆ ಎದ್ದು ನಿಂತ.

“ಅವನಿಗೆ ಭಟ್ಟಿ ಬಿಟ್ರೆ ಏನೂ ಇಲ್ಲ ಸ್ವಾಮಿ,” ಎಂದು ತೊದಲಿದ. “ಅವನಿಗೆ ಹಸಿವಾಗಲ್ಲ ಸರಿ, ನಮಗಾಗತ್ತೆ.”

ಯಾರೋ ಕಿಸಕ್ಕನೆ ನಕ್ಕರು. ಸದಸ್ಯರು ಕೈ ಎತ್ತಿದರು. ಒಂದೇ ಒಂದು ಮತದ ಅಂತರದಲ್ಲಿ ಭಟ್ಟಿ ಹೋಯಿತು.

ಮನೆಯ ದಾರಿಯಲ್ಲಿ ಅವನಿಗೆ ತಡೆಯಲಾಗಲಿಲ್ಲ. “ನೀನು ಒಳಗೇ ಇದ್ದಿದ್ರೆ ಉಳೀತಿತ್ತು, ಅಲ್ವೇನೇ?”

ಅವಳು ನಿಂತಳು. “ಇಲ್ಲ ಕಣ್ರೀ. ಆ ಸಂದಿಯೊಳಗೆ ಆಂಬುಲೆನ್ಸ್ ಬರೋಕಾಗದೆ ತಾನೇ ಅಪ್ಪ ಹೋಗಿದ್ದು? ನಾನೂ ಅಗಲ ಮಾಡೋಕೇ ಕೈ ಎತ್ತುತ್ತಿದ್ದೆ.”

ಹೀಗಂದದ್ದು ಹೆಂಡತಿಯೋ, ಅಧ್ಯಕ್ಷೆಯೋ, ಮಾವನ ಮಗಳೋ, ಅವನಿಗೆ ಗೊತ್ತಾಗಲಿಲ್ಲ. ಯಾರಾದರೇನು, ಅವಳು ಅಳುತ್ತಿದ್ದಳು. ಅವನು ಅವಳ ಕೈ ಹಿಡಿದುಕೊಂಡ.