ಬೈತಲೆ ದಾಟಿ ಕಿವಿಗೆ

ಜೂನ್ ೧೯೫೧, ಸಿರುಗುಪ್ಪ

ಬೆಳಗಿನಿಂದ ನಾಲ್ಕು ಸಲ ಬಾಗಿಲಿಗೆ ಹೋಗಿ ಬಂದೆ. ಪಕ್ಕೀರಿ ಇವತ್ತು ಸಾಲೆಗೆ ಹೋಗಿದ್ದಾಳೆ, ಮೊದಲನೇ ದಿನ. ಒಲೆಯ ಮುಂದೆಯೂ ಕೂತಿರಲಾಗುತ್ತಿಲ್ಲ. ಅದಕ್ಕೇ ದೊಡ್ಡಬಸಮ್ಮನ ವಿಷಯ ಬರೆಯಲು ಕೂತೆ; ಮಗಳು ಸಾಲೆ ಹತ್ತಿದ್ದು ಆಕೆಯಿಂದ.

ರಂಗಣ್ಣ ಮಾಸ್ತರರು ಪಕ್ಕೀರಿಯನ್ನು ಹೋದ ವರ್ಷವೂ ಈ ವರ್ಷವೂ ವಾಪಸು ಕಳಿಸಿದ್ದರು. ಬಲಗೈ ತಲೆಯ ಮೇಲಿಂದ ಹೋಗಿ ಎಡಗಿವಿ ಮುಟ್ಟಿದರೆ ಮಗುವಿಗೆ ಸಾಲೆಯ ವಯಸ್ಸಾಯಿತೆಂದು ಲೆಕ್ಕ. ಇವಳ ಕೈ ಹಣೆಯ ಮೇಲೆ ಅಲೆದಾಡಿ ಕೆಳಗೆ ಬೀಳುತ್ತಿತ್ತು. ಏಳು ತುಂಬಿದೆಯೆಂದರೆ ನಂಬಲಿಲ್ಲ. "ಇನ್ನೊಂದು ವರ್ಷ ನೋಡ್ರಿ. ಆಗ್ಲೂ ಆಗ್ಲಿಲ್ಲಂದ್ರ ಸಾಲಿ ಆಸೆ ಬಿಡ್ರಿ" ಎಂದರು.

ಅಂದು ಮಧ್ಯಾಹ್ನ ಅವಳು ಮಲಗಿದ್ದಾಗ ನಾನೇ ಅವಳ ಕೈ ಎತ್ತಿ ತಲೆಯ ಮೇಲಿಂದ ತಂದೆ. ಕಿವಿ ಮುಟ್ಟಿ ಎರಡು ಬೆರಳು ಹೆಚ್ಚೇ ಉಳಿಯಿತು. ಎದ್ದ ಮೇಲೆ ಅದೇ ಕೈ ಹಣೆಯಲ್ಲೇ ನಿಂತಿತು. ಜೀವ ತಡೆಯದೆ ಅವಳನ್ನು ಎಳೆದುಕೊಂಡು ಹಿಂದಿನ ಓಣಿಗೆ ಹೋದೆ.

ದೊಡ್ಡಬಸಮ್ಮ ಕುರುಗೋಡಿನವಳು. ಗಂಡ ಸತ್ತ ಮೇಲೆ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದು, ಈಗ ಇಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಓದು ಬರುವುದಿಲ್ಲ. ಮಕ್ಕಳು ಉಣ್ಣುವುದು, ಉಡುವುದು, ನಡೆಯುವುದನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಾಳೆ.

"ಕೈ ಎತ್ತು, ಕಾಲು ಎತ್ತು ಅಂದ್ರ ಹುಡುಗ್ರು ಗಾಬರಿ ಆಗ್ತಾವ. ಕೆಲಸ ಮಾಡೂವಾಗ ನೋಡ್ಬೇಕು" ಎಂದಳು.

ಮೂರು ದಿನ ನಮ್ಮ ಮನೆಗೇ ಬಂದು ಕೂತಳು. ಪಕ್ಕೀರಿ ಶೇಂಗಾ ಸುಲಿದಳು, ಚೊಂಬಿನಲ್ಲಿ ನೀರು ತಂದಳು, ಅಂಗಿಯ ಗುಂಡಿ ಹಾಕಿಕೊಂಡಳು, ಹೊಸ್ತಿಲು ಎಡವಿದಳು.

ನೀರು ಚೆಲ್ಲಿದಾಗ ನಮ್ಮತ್ತೆ ಜಡೆಮ್ಮ, "ಕೈಗೆ ಬೆಣ್ಣಿ ಹಚ್ಚಿಕೊಂಡ ಹುಟ್ಟ್ಯಾಳ" ಎಂದರು.

"ನೀ ಒಂದೀಟು ಸೂಜಿಗೆ ದಾರ ಏರಿಸು, ನೋಡೂಣು" ಎಂದಳು ದೊಡ್ಡಬಸಮ್ಮ. ಕಣ್ಣು ಮಂಜಾದ ಅತ್ತೆ ಒಳಗೆ ಹೋದರು. ಆಮೇಲೆ ನನ್ನ ಕಡೆ ತಿರುಗಿ, "ಸಾವಂತ್ರಿ, ಚೆಲ್ಲಿದ್ದು ಊರಿಗೆಲ್ಲ ಕಾಣ್ತೈತಿ. ಚೆಲ್ಲೂಕಿಂತ ಮದ್ಲ ಏನು ಮಾಡಿದ್ಲು, ಅದನ್ನ ಬರಿ" ಎಂದಳು.

ಬರೆದೆ. ಚೊಂಬು ಪಡಸಾಲೆಯವರೆಗೆ ನೆಟ್ಟಗೆ ಬಂತು, ಹಿಂದಿನಿಂದ ಯಾರೋ ಕೂಗಿದಾಗ ಚೆಲ್ಲಿತು. ಹೊಟ್ಟೆಯ ಮೇಲಿನ ಗುಂಡಿ ಹಾಕಿದಳು, ಗದ್ದದ ಕೆಳಗಿನದು ಆಗಲಿಲ್ಲ. ಆಕೆ ಅದನ್ನು ಮೂರು ಸಲ ಓದಿಸಿಕೊಂಡಳು.

"ಕಣ್ಣಿಗೆ ಕಂಡದ್ದು ಆಗ್ತೈತಿ. ಕಾಣದಲ್ಲಿ ಕೈ ದಾರಿ ತಪ್ತೈತಿ. ಬುದ್ಧಿಗೇನೂ ಆಗಿಲ್ಲ." ಆಮೇಲೆ, "ನಮ್ಮ ಉಚ್ಚೆಂಗೆಪ್ಪನ್ನೂ ಹಿಂಗ ಕಳಿಸಿದ್ರು. ಇವತ್ತಿಗೂ ಕಾಗದ ಬಂದ್ರ ಓದ್ಸಾಕ ಯಾರ್ದಾರ ಮನಿಗೆ ಹಿಡ್ಕೊಂಡು ಹೋಗ್ತಾನ" ಎಂದಳು. ಆ ತಮ್ಮನ ಮನೆಯಲ್ಲೇ ಆಕೆ ಇರುವುದು.

ಆಮೇಲೆ ಒಂಬತ್ತು ದಿನ, ತಲೆಗೆ ಎಣ್ಣೆ ಹಚ್ಚುವ ಹೊತ್ತಿನಲ್ಲಿ ಪಕ್ಕೀರಿಯ ಬೆರಳನ್ನು ತಲೆಯ ಮೇಲೆ ನಡೆಸಿದಳು. "ಮದ್ಲ ಬೈತಲಿ. ದಾಟಿದಿ? ಈಗ ಕೆಳಗ ಇಳಿ. ಕಿವಿ ಓಲಿ ಸಿಕ್ತಾ?" ಕೆಲವು ದಿನ ಸಿಕ್ಕಿತು, ಕೆಲವು ದಿನ ಇಲ್ಲ. ನನಗೆ ಊಟ ಸೇರುತ್ತಿರಲಿಲ್ಲ.

ನಿನ್ನೆ ಮೂವರೂ ಸಾಲೆಗೆ ಹೋದೆವು. ಪಕ್ಕೀರಿಯ ಕೈ ಮೇಲೆದ್ದು ಮತ್ತೆ ಹಣೆಯಲ್ಲೇ ನಿಂತಿತು. ದೊಡ್ಡಬಸಮ್ಮ ಬಾಯಿ ತೆರೆದಳು. "ಯಾರೂ ಹೇಳಿಕೊಡಂಗಿಲ್ಲ" ಎಂದರು ಮಾಸ್ತರರು. ನಾನು ಸೆರಗು ಕಚ್ಚಿಕೊಂಡೆ.

"ಬೈತಲಿ" ಎಂದು ಪಕ್ಕೀರಿ ತನಗೆ ತಾನೇ ಹೇಳಿಕೊಂಡಳು. ಕೈ ದಾಟಿತು. ಕಿವಿಯನ್ನೂ ದಾಟಿ ಕುತ್ತಿಗೆಗೆ ಇಳಿಯಿತು, ತಡವರಿಸಿ ಮೇಲೆ ಬಂದು ಓಲೆ ಹಿಡಿಯಿತು.

"ಇನ್ನೊಮ್ಮೆ" ಎಂದರು ಮಾಸ್ತರರು.

ಇನ್ನೊಮ್ಮೆಯೂ ಹಿಡಿಯಿತು.

"ಹದಿನೈದು ದಿನದಾಗ ವಯಸ್ಸು ಬಂತೇನವಾ?"

"ವಯಸ್ಸು ಮದ್ಲ ಇತ್ರಿ. ದಾರಿ ಈಗ ಸಿಕ್ತು" ಎಂದಳು ದೊಡ್ಡಬಸಮ್ಮ. ಮಾಸ್ತರರು ನಗದೆ ಹೆಸರು ಬರೆದುಕೊಂಡರು.

ಈಗ ಸಾಲೆಯಲ್ಲಿ ಬಳಪ ಹಿಡಿಯಲು ಬರುತ್ತದೆಯೋ ಇಲ್ಲವೋ. ಮಕ್ಕಳು ನಗುತ್ತಾರೋ ಏನೋ.

ಇಷ್ಟು ಬರೆಯುವಾಗ ಬಂದಳು. ಪಾಟಿಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದಳು. ಹೊಸ್ತಿಲು ಎಡವಿದಳು. ಪಾಟಿ ಬೀಳಲಿಲ್ಲ. ಅದನ್ನೂ ಬರೆದೆ.