ಮಾವನ ಮಂಡೆ ಮತ್ತು ಎರಡು ಗುಂಡು

ಮೊನ್ನೆ ಗುರುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ಹಾಲು ಉಕ್ಕಿತು (ದಿನಾ ಉಕ್ಕುತ್ತದೆ). ನಮ್ಮವರು ಒಂದು ಕಾಲಿನ ಸಾಕ್ಸ್ ಸಿಗಲಿಲ್ಲವೆಂದು ಮನೆಮಂದಿಯನ್ನೆಲ್ಲ ಪೊಲೀಸರ ಹಾಗೆ ನೋಡಿ, ಪಾಲಿಬೆಟ್ಟದ ಎಸ್ಟೇಟಿಗೆ ಕೆಲಸಕ್ಕೆ ಹೋದರು. ಅತ್ತೆ ಕೋಳಿಗೂಡು ತೆರೆದರು. ಮಾವ ಅಡುಗೆಮನೆಯ ಮಣೆಯ ಮೇಲೆ ಕುಳಿತು ಕಡಂಬಿಟ್ಟು ಉಂಡೆ ಕಟ್ಟಿದರು.

ಕೊನೆಯ ವಾಕ್ಯಕ್ಕೆ ನೀವು ಹುಬ್ಬೇರಿಸಿದ್ದೀರಿ, ಬಲ್ಲೆ. ಕೊಡಗಿನ ಯಜಮಾನರು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಆ ಮೀಸೆ, ಅವರು ಅಡುಗೆಮನೆಯಲ್ಲಿ ಅಕ್ಕಿತರಿಯ ಉಂಡೆ ಕಟ್ಟುವುದೇ?

ಕಟ್ಟುತ್ತಾರೆ. ಮಂಡೆ ಬಿಚ್ಚಿದ ಡಾಕ್ಟರು ಬೆರಳಿಗೆ ಕೆಲಸ ಕೊಡಿ ಎಂದರೆ ಯಾರಾದರೂ ಕಟ್ಟುತ್ತಾರೆ.

ಹಿಂದೆ ಕೆಲವು ವಾರ ನಾನು ಈ ಜಾಗದಲ್ಲಿ ಕಾಣಿಸಲಿಲ್ಲ. ‘ಏನಮ್ಮಾ, ಬರೆಯಲು ವಿಷಯ ಮುಗಿಯಿತೇ?’ ಎಂದು ಓದುಗರೊಬ್ಬರು ಕಾರ್ಡು ಹಾಕಿದ್ದರು. ವಿಷಯ ಮುಗಿದಿರಲಿಲ್ಲ ಸ್ವಾಮಿ, ವಿಷಯ ಮದರಾಸಿನ ಆಸ್ಪತ್ರೆಯಲ್ಲಿ ಮಲಗಿತ್ತು.

ಅದೆಲ್ಲ ಶುರುವಾದ ಸಂಜೆ ಮಾವ ಕಾಫಿ ಕುಡಿದು, ಕಪ್ಪನ್ನು ಮೇಜಿನ ಮೇಲಿಡುವ ಬದಲು ಮೇಜಿನ ಪಕ್ಕದ ಗಾಳಿಯಲ್ಲಿಟ್ಟರು. ಕಪ್ಪು ಬಿತ್ತು. ಆಮೇಲೆ ಮಾವ ಬಿದ್ದರು. (ಈ ಕ್ರಮವನ್ನು ದಯವಿಟ್ಟು ನೆನಪಿಡಿ. ಇದರ ಮೇಲೆ ನಮ್ಮೂರಿನಲ್ಲಿ ಇನ್ನೂ ಜಗಳವಿದೆ.) ಬಲಗೈ, ಬಲಗಾಲು ಸೋತವು. ಮಾತು ನಿಂತಿತು. ಮಡಿಕೇರಿಯ ಡಾಕ್ಟರು ನೋಡಿ, ಬ್ಲಡ್ ಪ್ರೆಶರ್ ಏರಿ ಮಿದುಳಿನೊಳಗೆ ರಕ್ತನಾಳ ತಾನಾಗಿಯೇ ಒಡೆದಿದೆ ಎಂದರು.

‘ತಾನಾಗಿಯೇ’ ಎಂಬ ಮಾತನ್ನು ಒಪ್ಪದವರು ಪಕ್ಕದ ತೋಟದ ಬೋಪಯ್ಯನವರು. ಮಾವನನ್ನು ‘ಮುದ್ದಯ್ಯ’ ಎಂದು ಹೆಸರು ಹಿಡಿದೇ ಕರೆಯುವ ಬಾಲ್ಯದ ಗೆಳೆಯರು. ಹಾಗಾಗಿ ನಮ್ಮ ಮನೆಯ ಪ್ರತಿಯೊಂದು ಕೆಲಸಕ್ಕೂ ಅಡ್ಡಬರುವ ಪೂರ್ಣ ಹಕ್ಕು ಅವರಿಗಿದೆ.

“ಬೀಳದೆ, ಪೆಟ್ಟಾಗದೆ ಮಂಡೆಯೊಳಗೆ ರಕ್ತ ಹೇಗೆ ಬರೋದು ಡಾಕ್ಟ್ರೇ? ಅದೇನು ಪೈಪಾ, ತಾನಾಗಿ ಒಡೀಲಿಕ್ಕೆ?”

“ಹೌದು, ಪೈಪೇ” ಎಂದರು ಡಾಕ್ಟರು.

ಕೆಲವು ದಿನ ಕಾದರೂ ಮಾವನಿಗೆ ಸರಿಯಾಗಿ ಎಚ್ಚರ ಬರಲಿಲ್ಲ. ಮದರಾಸಿನಲ್ಲಿ ತಲೆ ತೆರೆದು ಆಪರೇಷನ್ ಮಾಡುವ ಸರ್ಜನ್ ಇದ್ದಾರೆ, ಕರೆದುಕೊಂಡು ಹೋಗಿ ಎಂದರು ಡಾಕ್ಟರು. (ನಮ್ಮ ಪುಟ್ಟ ಕೂರ್ಗ್ ರಾಜ್ಯದಲ್ಲಿ ನಮ್ಮದೇ ಅಸೆಂಬ್ಲಿ ಇದೆ, ನಮ್ಮದೇ ಮಂತ್ರಿಗಳಿದ್ದಾರೆ. ತಲೆ ಕೆಡಿಸುವ ವ್ಯವಸ್ಥೆಯೆಲ್ಲ ಇದೆ. ತೆರೆದು ರಿಪೇರಿ ಮಾಡುವವರು ಮಾತ್ರ ಇಲ್ಲ.) ಬೋಪಯ್ಯನವರು ವ್ಯಾನಿಗೆ ಅಡ್ಡ ನಿಂತರು.

“ಬೇಡ! ಒಡೆದ ತೆಂಗಿನಕಾಯಿಯನ್ನ ಪುನಃ ಜೋಡಿಸಿದವನನ್ನ ನಾನಂತೂ ನೋಡ್ಲಿಲ್ಲ. ಮುದ್ದಯ್ಯ ಹೋಗೋದಾದ್ರೆ ಇಡೀ ಮಂಡೆ ಇಟ್ಕೊಂಡು ಹೋಗ್ಲಿ.”

ಅತ್ತೆ ಒಂದೇ ಮಾತು ಹೇಳಿದರು. “ಬೋಪಯ್ಯ, ದಾರಿ ಬಿಡು.”

ಮದರಾಸಿನ ಸರ್ಜನ್ ವಯಸ್ಸಿನಲ್ಲಿ ಚಿಕ್ಕವರು. ಕೋಟಿನ ಒಂದು ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು (ಅವರೇ ಹೊಲಿದಿರಬೇಕು, ಹೊಲಿಗೆ ಗಟ್ಟಿಯಾಗಿದ್ದುದರಿಂದ ನನಗೆ ಸ್ವಲ್ಪ ಧೈರ್ಯ ಬಂತು). ಅವರು ಸುತ್ತುಬಳಸಲಿಲ್ಲ. ನಿಂಬೆಹಣ್ಣಿನಷ್ಟು ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿದೆ. ತೆಗೆಯದಿದ್ದರೆ ಉಳಿಯುವುದು ಕಷ್ಟ. ತೆಗೆದರೂ ಎಲ್ಲರೂ ಏಳುವುದಿಲ್ಲ. ಎದ್ದವರೆಲ್ಲ ಮೊದಲಿನ ಹಾಗೆ ಆಗುವುದಿಲ್ಲ. ಮಾತು, ಕೈ ಎಷ್ಟು ಮರಳುತ್ತವೆ ಎಂದು ಈಗ ಹೇಳಲಾರೆ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಸ್ಕೂಲ್ ಮೇಷ್ಟ್ರಿದ್ದರು. ಅದೇ ಕಾಯಿಲೆ, ಅದೇ ಸರ್ಜನ್, ಅದೇ ವಾರ ಆಪರೇಷನ್. ಅವರು ಏಳಲಿಲ್ಲ. ಅವರ ಹೆಂಡತಿ ಹೋಗುವ ಮುಂಚೆ ಉಳಿದಿದ್ದ ಹಾರ್ಲಿಕ್ಸ್ ಬಾಟಲಿಯನ್ನು ಅತ್ತೆಯ ಕೈಯಲ್ಲಿಟ್ಟು ಹೋದರು. ಅತ್ತೆ ಅದನ್ನು ಮಾವನಿಗೆ ಕಲಸಿಕೊಡುವಾಗಲೆಲ್ಲ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಮಾವ ಎದ್ದರು. ಎದ್ದು ಆಡಿದ ಮೊದಲ ಮಾತು: ಅತ್ತೆಯನ್ನು ನೋಡಿ, “ಪೋಸ್ಟ್‌ಮಾಸ್ಟರ್.”

ಹುಡುಕಿದ ಶಬ್ದ ಸಿಗದೆ ಬೇರೊಂದು ಬರುತ್ತದೆ, ಕ್ರಮೇಣ ಸರಿಯಾಗುತ್ತದೆ ಎಂದರು ಸರ್ಜನ್. ಆಯಿತು ಕೂಡ. ಅತ್ತೆಗೆ ಸ್ವಲ್ಪ ಬೇಸರವೇ. “ಮದುವೆಯಾದ ಮೇಲೆ ಅಷ್ಟು ದೊಡ್ಡ ಹುದ್ದೆ ನಂಗೆ ಯಾವಾಗ ಕೊಟ್ಟಿದ್ರು?” ಎನ್ನುತ್ತಾರೆ. ಕಾಲು ಬಂತು, ಕೋಲಿನೊಂದಿಗೆ. ಉಳಿದದ್ದು ಬಲಗೈ. ಬೆರಳುಗಳು ಚಮಚವನ್ನೂ ಹಿಡಿಯುತ್ತಿರಲಿಲ್ಲ. ಅಮುಕಿ ಅಭ್ಯಾಸ ಮಾಡಲು ಕೊಟ್ಟಿದ್ದ ರಬ್ಬರ್ ಚೆಂಡನ್ನು, ನಾವು ಊರಿಗೆ ಬಂದ ದಿನವೇ, ನಮ್ಮ ನಾಯಿ ತನ್ನದೆಂದು ತೀರ್ಮಾನಿಸಿತು. ಹಾಗಾಗಿ ಅತ್ತೆ ಹಿಟ್ಟು ಮುಂದಿಟ್ಟರು. ಮೊದಮೊದಲು ಮಾವನ ಕಡಂಬಿಟ್ಟು ಆಲೂಗೆಡ್ಡೆಯ ಹಾಗಿತ್ತು. ಆಮೇಲೆ ಬಾತುಮೊಟ್ಟೆ. ಈಚೆಗೆ ಉರುಟಾಗುತ್ತಿದೆ. ನಾವು ತಿಂಡಿ ತಿನ್ನುವ ಮುಂಚೆ ಬೆಳಕಿಗೆ ಹಿಡಿದು ನೋಡುತ್ತೇವೆ. ಯಾವ ದೊಡ್ಡಾಸ್ಪತ್ರೆಯಲ್ಲಿ ಪೇಷಂಟಿನ ಪ್ರಗತಿಯನ್ನು ಹಬೆಯಲ್ಲಿ ಬೇಯಿಸಿ ಚಟ್ನಿಯೊಂದಿಗೆ ತಿನ್ನುತ್ತಾರೆ, ಹೇಳಿ?

ಆದರೆ ಮಾವನಿಗೆ ಇದು ಸಾಲದು. ಅವರ ಲೆಕ್ಕದಲ್ಲಿ ಗಂಡಸಿನ ಬಲಗೈ ಬಂತೆಂದರೆ ಕೋವಿಯ ಕುದುರೆ ಎಳೆಯಬೇಕು. ಜೋಡುನಳಿಗೆಯ ಕೋವಿ ಒಳಕೋಣೆಯ ಬೀರುವಿನಲ್ಲಿ. ಬೀರುವಿನ ಬೀಗದಕೈ ಅತ್ತೆಯ ಸೊಂಟದಲ್ಲಿ. “ಮಂಡೆಯಲ್ಲಿ ತೂತು ಇಟ್ಕೊಂಡು ಕೋವಿ ಮುಟ್ಟಿದ್ರೆ ನೋಡಿ!” ಎಂಬುದು ಅತ್ತೆಯ ಕಾನೂನು. ಮಾವ ದಿನವಿಡೀ ಜಗಲಿಯಲ್ಲಿ ಕುಳಿತು ತಮ್ಮ ಬೆರಳನ್ನೇ ನೋಡುತ್ತಿದ್ದರು. ಮೊದಲಿನ ಮನುಷ್ಯ ಅದರೊಳಗೆಲ್ಲೋ ಇದ್ದಾನೆ, ಹೊರಗೆ ಬರುತ್ತಾನೋ ಇಲ್ಲವೋ ಎಂಬಂತೆ. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಗುರುವಾರ ಅತ್ತೆ ಸ್ನಾನಕ್ಕೆ ಹೋದರು. ಬೀಗದಕೈ ಗೊಂಚಲು ಹೊರಗೆ ಉಳಿಯಿತು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಆಗ ಗಿಡುಗವೊಂದು ಬಂದು ಅಂಗಳದ ಪಪ್ಪಾಯಿ ಮರದ ಮೇಲೆ ಕುಳಿತು ಅತ್ತೆಯ ಕೋಳಿಮರಿಗಳನ್ನು ಎಣಿಸತೊಡಗಿತು.

ಢಂ! ಢಂ!

ಓಡಿ ಬಂದೆ. ಮಾವ ಕಂಬಕ್ಕೆ ಒರಗಿ ನಿಂತಿದ್ದಾರೆ, ಕೈಯಲ್ಲಿ ಹೊಗೆಯಾಡುವ ಕೋವಿ. ಗಿಡುಗ ಆಕಾಶದಲ್ಲಿ, ಸುಖವಾಗಿ. ಅಂಗಳದಲ್ಲಿ ಒಂದು ಪಪ್ಪಾಯಿ ಬಿದ್ದಿದೆ. ಅತ್ತೆ ಒದ್ದೆ ತಲೆಯಲ್ಲಿ ಬಂದು, ಬೈಯಲು ಬಾಯಿ ತೆರೆದು, ಮಾವ ತೋರಿಸುತ್ತಿದ್ದ ಬೆರಳನ್ನು ನೋಡಿ ಹಾಗೇ ನಿಂತರು.

“ಎರಡು ಸಲ ಎಳೆದೆ. ಇದೇ ಬೆರಳು” ಎಂದರು ಮಾವ.

ಅತ್ತೆ ಆ ಬೆರಳನ್ನು ಹಿಡಿದುಕೊಂಡು ಅತ್ತುಬಿಟ್ಟರು. ನಾನೂ ಅತ್ತೆ. (ಕೋವಿಯನ್ನು ಮಾತ್ರ ಅಳುತ್ತಲೇ ಕಿತ್ತುಕೊಂಡು ಒಳಗಿಟ್ಟು ಬೀಗ ಹಾಕಿದೆವು.)

ಕೊಡಗಿನ ಓದುಗರು ಇಷ್ಟರಲ್ಲಿ ತಲೆಯ ಮೇಲೆ ಕೈಯಿಟ್ಟಿರುತ್ತಾರೆ. ಹೊರಗಿನವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಒಂದರ ಬೆನ್ನಿಗೇ ಇನ್ನೊಂದು, ಎರಡು. ಕೇಳಿದವರು ಕರೆಯಲೆಂದು ಕಾಯುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಮಂಡೆ ಬಿಚ್ಚಿಸಿಕೊಂಡ ಮುದುಕರಿರುವ ಮನೆಯಿಂದ ಎರಡು ಗುಂಡು ಕೇಳಿದರೆ ಯಾರು ಸಂಶಯಪಡುತ್ತಾರೆ?

ನಮಗೆ ಅದು ಹೊಳೆಯಲೇ ಇಲ್ಲ. ನಾವು ಪಪ್ಪಾಯಿ ಕೊಯ್ದು ತಿನ್ನುತ್ತಿದ್ದೆವು.

ಮೊದಲು ತೋಟದ ತಿರುವಿನಲ್ಲಿ ಅಳು ಕೇಳಿತು. ಆಮೇಲೆ ಬಿಳಿ ಸೀರೆಗಳು ಕಂಡವು. ಮುಂದೆ ಬೋಪಯ್ಯನವರು, ಬಿಳಿ ಕುಪ್ಯವನ್ನು (ನಮ್ಮ ಮೊಣಕಾಲುದ್ದದ ನಿಲುವಂಗಿ) ಒಳಮೈ ಹೊರಗಾಗಿ ಹಾಕಿಕೊಂಡು, ಮೂಗೊರೆಸಿಕೊಳ್ಳುತ್ತ, ಹಿಂದಿದ್ದವರಿಗೆ ಹೇಳುತ್ತಿದ್ದಾರೆ: “ನಾನು ಅವತ್ತೇ ಹೇಳಿದ್ದೆ. ಮಂಡೆ ಮುಟ್ಬೇಡಿ ಅಂತ. ಕೇಳಿದ್ರಾ?”

ಬಿಳಿ ಬಟ್ಟೆಯ ಗುಂಪು ನೋಡಿ ಮಾವ ಗಾಬರಿಯಿಂದ ಎದ್ದರು. “ಅಯ್ಯೋ! ಯಾರು ಹೋದದ್ದು?” ಎಂದು ಕೂಗಿ, ನನ್ನ ಕಡೆ ತಿರುಗಿ, “ಕುಂಞಿ, ನನ್ನ ಬಿಳಿ ಕುಪ್ಯ ತಾ. ಹೊರಡ್ಬೇಕು” ಎಂದರು.

ಬೋಪಯ್ಯನವರ ಹೆಂಡತಿ ಸೀತವ್ವ ಅರ್ಧ ಅತ್ತಿದ್ದ ಅಳುವನ್ನು ಹಾಗೇ ಬಾಯಲ್ಲಿಟ್ಟುಕೊಂಡು ನಿಂತರು.

“ನೀನೇ” ಎಂದರು ಬೋಪಯ್ಯನವರು.

“ನಾನೇ ಎಂಥದು?”

“ಹೋದದ್ದು.”

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಎಲ್ಲ ಸಂದರ್ಭಕ್ಕೂ ತಕ್ಕ ಮಾತು ಕಲಿಸಿದ್ದರು. ಬಿಷಪ್ ಬಂದರೆ ಏನನ್ನಬೇಕು, ಉಡುಗೊರೆ ಇಷ್ಟವಾಗದಿದ್ದರೆ ಏನನ್ನಬೇಕು. ಬದುಕಿರುವವರ ಸಾವಿಗೆ ಬಂದವರಿಗೆ ಏನನ್ನಬೇಕೆಂದು ಕಲಿಸಿರಲಿಲ್ಲ. ನಾನು “ಬನ್ನಿ, ಪಪ್ಪಾಯಿ ತಗೊಳ್ಳಿ” ಎಂದೆ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಸಂತೋಷಪಡಬೇಕಾದವರು ಬೈಯತೊಡಗಿದರು. ಒಬ್ಬರು ಅರ್ಧ ಕ್ಷೌರದಲ್ಲಿ ಎದ್ದು ಬಂದಿದ್ದರು. ಇನ್ನೊಬ್ಬರು ದನ ಕಟ್ಟದೆ ಬಂದಿದ್ದರು. ಹೊಗಳಿಕೆಯ ನಾಲ್ಕು ಮಾತು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದವರೊಬ್ಬರಿಗಂತೂ ಅದನ್ನು ಎಲ್ಲಿ ಇಳಿಸುವುದೆಂದೇ ತಿಳಿಯಲಿಲ್ಲ. ಸೀತವ್ವ ನಮ್ಮ ಒಲೆ ಹೊತ್ತಿಸುವ ಹಾಗಿಲ್ಲವೆಂದು ದೊಡ್ಡ ಪಾತ್ರೆಯಲ್ಲಿ ಅನ್ನ, ಕುಂಬಳಕಾಯಿ ಕರಿ ತಂದಿದ್ದರು. ಮಾವ ಮುಚ್ಚಳ ತೆರೆದು ನೋಡಿದರು.

“ನಾನು ಸತ್ತದ್ದಕ್ಕೆ ಬರೀ ಕುಂಬಳಕಾಯಾ?”

“ಸಾವಿನ ಮನೆಗೆ ಹಂದಿ ಕರಿ ತರ್ಲಿಕ್ಕಾಗ್ತದಾ? ಮೊದ್ಲೇ ಹೇಳಿದ್ರೆ ತರ್ತಿದ್ದೆ” ಎಂದು ಸೀತವ್ವ ಮುಖ ಊದಿಸಿಕೊಂಡರು.

ಬಂದವರೆಲ್ಲ ಸರದಿಯಲ್ಲಿ ಮಾವನ ಟೋಪಿ ಎತ್ತಿಸಿ, ತಲೆಯ ಎಡಗಡೆಯ ಕುಳಿ ನೋಡಿದರು. ಇಬ್ಬರು ಮುಟ್ಟಿದರು. ಒಬ್ಬರು ಅದರೊಳಗಿಂದ ಮಾತು ಕೇಳಿಸುತ್ತದೋ ಎಂಬಂತೆ ಕಿವಿಯನ್ನೇ ಹತ್ತಿರ ಒಯ್ದರು. ಊಟಕ್ಕೆ ಕುಳಿತಾಗಲೇ ಎಸ್ಟೇಟಿನ ಜೀಪು ಬಂದು ನಿಂತದ್ದು. ಬೋಪಯ್ಯನವರು ಪಾಲಿಬೆಟ್ಟಕ್ಕೆ ಸೈಕಲ್ಲಿನಲ್ಲಿ ಆಳು ಕಳಿಸಿದ್ದರಂತೆ! ನಮ್ಮವರು ಇಳಿದರು. ಆ ಮುಖವನ್ನು ಮಾತ್ರ ನಾನು ತಮಾಷೆ ಮಾಡಲಾರೆ. ಅವರು ಜಗಲಿಯಲ್ಲಿ ಕುಂಬಳಕಾಯಿ ಕಲಸಿಕೊಳ್ಳುತ್ತಿದ್ದ ಅಪ್ಪನನ್ನು ನೋಡಿದರು. ಬಲಗೈಯಲ್ಲಿ ಕಲಸುತ್ತಿದ್ದರು. ನಮ್ಮವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಏನು, ಇವತ್ತು ರಜೆಯಾ?” ಎಂದು ಕೇಳಿದರು ಮಾವ.

ಈ ವಾರ ಯೋಚಿಸುತ್ತಿದ್ದೇನೆ. ಗುಣವಾಯಿತು ಎಂದು ಹೇಳುವ ಅಧಿಕಾರ ಯಾರದು? ಸರ್ಜನ್‌ಗೆ, ಪೇಷಂಟು ಕಣ್ಣು ಬಿಟ್ಟು ಬೆರಳು ಅಮುಕಿದರೆ ಸಾಕು. ಅತ್ತೆಗೆ, ಸಾರಿಗೆ ಉಪ್ಪು ಕಡಿಮೆ ಎಂದರೆ ಸಾಕು. ಊರಿಗೆ, ತೂತು ಮುಟ್ಟಿ ನೋಡಬೇಕು. ಆ ಮೇಷ್ಟ್ರ ಹೆಂಡತಿಗೆ ಬಹುಶಃ “ಪೋಸ್ಟ್‌ಮಾಸ್ಟರ್” ಎಂಬ ಒಂದು ಮಾತು ಸಾಕಿತ್ತು. ಎಲ್ಲರೂ ಒಪ್ಪಿದರೂ ಗುಣವಾದವರೇ ಒಪ್ಪದಿದ್ದರೆ?

ಮಾವ ಒಪ್ಪಿರಲಿಲ್ಲ. ಸಂಜೆ ಜನ ಚದುರಿದ ಮೇಲೆ ಅವರ ಉತ್ಸಾಹ ಇಳಿಯಿತು. ಪಪ್ಪಾಯಿ ಮರವನ್ನೇ ನೋಡುತ್ತ ಕುಳಿತರು. “ಇಷ್ಟು ಹತ್ತಿರ ಇತ್ತು. ಎರಡೂ ತಪ್ಪಿತು” ಎಂದರು. ಬಲಗೈಯ ಬೆರಳನ್ನು ಮಡಚಿ ಬಿಡಿಸಿ, “ಬೆರಳು ಬಂದು ಎಂಥ ಪ್ರಯೋಜನ? ಮಂಡೆ ಮೊದಲಿನ ಹಾಗಿಲ್ಲ” ಎಂದರು.

ಅತ್ತೆ ಸೆರಗಿನ ತುದಿ ತಿರುಚಿದರು. ನಮ್ಮವರು ಕೆಮ್ಮಿದರು. ನಾನು ಪಪ್ಪಾಯಿ ಸಿಪ್ಪೆ ಹೆಕ್ಕಿದೆ. ಬೋಪಯ್ಯನವರು ಮಾತ್ರ ಗುಂಪಿನಲ್ಲಿ ತಪ್ಪಿಹೋಗಿದ್ದ ತಮ್ಮ ಚಪ್ಪಲಿಯನ್ನು ಬೆಂಚಿನಡಿಯಲ್ಲಿ ಹುಡುಕುತ್ತ, ತಲೆಯೆತ್ತದೆ ಹೇಳಿದರು:

“ಅದಕ್ಕೆ ಮಂಡೇನ ಯಾಕೆ ಬೈತೀಯ ಮುದ್ದಯ್ಯ? ನಿನ್ನ ಗುರಿ ಮೊದ್ಲಿಂದಲೂ ಹೀಗೇ ಅಲ್ವಾ?”